ಇವತ್ತಿನ ಅಂಗಡಿ ನನ್ನದು

ಚಿತ್ರಾ,

ನೀನು ಏಳುವ ಮೊದಲೇ ಪಕ್ಕದ ಮನೆ ನಿರುಪಮಾಳ ಕಾರಿನಲ್ಲಿ ಡೆಲ್ ಮಾರ್ ಸಂತೆಗೆ ಹೊರಟಿದ್ದೇನೆ. ಮಣಿಸರಗಳ ಪೆಟ್ಟಿಗೆ ಹುಡುಕಬೇಡ, ನನ್ನ ಹತ್ತಿರ ಇದೆ.

ಹೋದ ವಾರ ಸಂತೆಯಲ್ಲಿ ಗಾಳಿಗೆ ನಿನ್ನ ಅಂಗಡಿಯ ಡೇರೆ ಮಗುಚಿ, ಮಳೆಗೆ ಕಾಗದದ ಮಣಿಗಳು ಉಬ್ಬಿಹೋದಾಗ "ಸಾಕು ಅತ್ತೆ, ಇನ್ನು ಅಂಗಡಿ ಹಾಕೋದಿಲ್ಲ" ಅಂತ ನೀನು ಕಣ್ಣೀರು ಹಾಕಿದೆ. ನೀನು ಆಫೀಸಿಗೆ ಹೋದ ಮೇಲೆ ನಾನು ಕೆಟ್ಟವನ್ನು ಬಿಸಾಡಿ, ಉಳಿದವಕ್ಕೆ ಮತ್ತೆ ವಾರ್ನಿಷ್ ಬಳಿದು, ಒಣಗಿಸಿ, ಹೊಸದಾಗಿ ಪೋಣಿಸಿದೆ. ಅಡುಗೆಕಟ್ಟೆಯ ಮೇಲಿನ ಕಲೆ ಅದರದ್ದೇ. ಉಜ್ಜಲು ಹೋಗಬೇಡ, ನಾನು ಬಂದು ನೋಡುತ್ತೇನೆ.

ಇಂಗ್ಲಿಷ್ ಬಾರದವಳು ಈ ಪರದೇಶದಲ್ಲಿ ಏನು ಮಾರುತ್ತಾಳೆ ಅಂತ ನಗಬೇಡ. "ಮೈ ಡಾಟರ್ ಮೇಡ್ ದಿಸ್" ಅಂತ ಬಾಯಿಪಾಠ ಮಾಡಿದ್ದೇನೆ. ಸೊಸೆ ಅನ್ನೋದಕ್ಕೆ ಡಾಟರ್ ಜೊತೆ "ಇನ್ ಲಾ" ಅಂತಲೂ ಸೇರಿಸಬೇಕು ಅಂತ ನಿರುಪಮಾ ಅಂದಳು; ಬೇಡ, ಇಷ್ಟೇ ಸರಿ ಅಂದೆ.

ನೀರುದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ. ನನ್ನ ಮಗನನ್ನೂ ಎಬ್ಬಿಸು, ಎಷ್ಟು ಹೊತ್ತು ಮಲಗುತ್ತಾನೆ!

ಆಮೇಲೆ ಮನಸ್ಸಾದರೆ ಬಾ, ಇಲ್ಲದಿದ್ದರೆ ಬೇಡ. ಬಂದರೆ ಮೇಜಿನ ಹಿಂದೆ ಬರಬೇಡ, ಗಿರಾಕಿಯ ಹಾಗೆ ಎದುರು ನಿಲ್ಲು. ನೀನು ಮಾಡಿದ್ದು ಅಲ್ಲಿಂದ ಎಷ್ಟು ಚೆಂದ ಕಾಣುತ್ತದೆ ಅಂತ ನೀನೇ ಒಮ್ಮೆ ನೋಡಬೇಕು.

ಅತ್ತೆ