ಪಾತ್ರೆ ಮೆಷೀನಿನಲ್ಲಿ ನಿಂತ ನೀರು

ಪೊನ್ಸೆ
ಮಾರ್ಚ್ ೧೧, ಬುಧವಾರ

ನನ್ನ ಮೊಂಡ ಎಫ್ರಾಯಿನ್‌ಗೆ,

ನೀನು ಚೆನ್ನಾಗಿದ್ದೀಯ ಎಂದು ನಿನ್ನ ಅಕ್ಕ ಹೇಳಿದಳು. ಅದಕ್ಕೆ ಆ ಪ್ರಶ್ನೆ ಕೇಳಿ ಕಾಗದ ಹಾಳು ಮಾಡುವುದಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಪತ್ರವಾದರೆ ಅವಳು ನಿನ್ನ ಊಟದ ತಟ್ಟೆಯ ಪಕ್ಕದಲ್ಲಿಡುತ್ತಾಳೆ, ಓದದಿದ್ದರೆ ನಿನಗೆ ತಿಂದದ್ದು ಅರಗುವುದಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ, ಈರುಳ್ಳಿ ಹೆಚ್ಚುವಾಗ ಕುಯ್ದುಕೊಂಡೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ವಿಷಯ ಇಷ್ಟು. ನೀನು ಅಡುಗೆಮನೆಯಲ್ಲಿ ಕೂರಿಸಿಕೊಟ್ಟ ಪಾತ್ರೆ ತೊಳೆಯುವ ಮೆಷೀನಿನಿಂದ ನೀರು ಹೊರಗೆ ಹೋಗುತ್ತಿಲ್ಲ. ತೊಳೆಯುವುದನ್ನೆಲ್ಲ ತೊಳೆಯಿತು, ಕೊನೆಗೆ ಒಮ್ಮೆ ಗರಗರ ಎಂದು ಸುಮ್ಮನಾಯಿತು. ಬಾಗಿಲು ತೆಗೆದರೆ ತಳದಲ್ಲಿ ನಾಲ್ಕು ಬೆರಳು ನೀರು. ಪೊನ್ಸೆಯಲ್ಲಿ ರಿಪೇರಿಯವರಿಗೇನೂ ಬರವಿಲ್ಲ, ಆದರೂ ನಿನ್ನನ್ನೇ ಕೇಳುತ್ತಿದ್ದೇನೆ.

ಇದು ಆದದ್ದು ಯಾದಿಯೆಲ್‌ನ ಹುಟ್ಟುಹಬ್ಬದ ದಿನ. ನಮ್ಮ ಮಗ ಹೋದ ಮೇಲೂ ಆ ದಿನ ಮನೆ ತುಂಬ ಜನ ಬರುತ್ತಾರೆ, ಈ ಸಲ ನೀನೊಬ್ಬ ಬರಲಿಲ್ಲ. ಹಂದಿಮಾಂಸ, ತೊಗರಿಕಾಳಿನ ಅನ್ನ, ಎಲ್ಲ ಅವನಿಗೆ ಇಷ್ಟವಾದದ್ದನ್ನೇ ಮಾಡಿದ್ದೆ. ಊಟವಾದ ಮೇಲೆ ನಿನ್ನ ಅಮ್ಮ, ನಾನು ಬೇಡ ಬೇಡ ಎಂದರೂ ಕೇಳದೆ, ಕೈಗೆ ಸಿಕ್ಕಿದ ತಟ್ಟೆ ಲೋಟಗಳನ್ನೆಲ್ಲ ಬಾಚಿ ಮೆಷೀನಿಗೆ ತುಂಬಿದರು. ಅವರ ಕಣ್ಣು ಈಗ ಹೇಗಿದೆಯೆಂದರೆ, ಮೊನ್ನೆ ಬಾಗಿಲಿಗೆ ಬಂದ ಪಾದ್ರಿಯನ್ನು ಗ್ಯಾಸಿನವನೆಂದುಕೊಂಡು ತಡವಾಗಿ ಬಂದದ್ದಕ್ಕೆ ಬೈದು ಕಳಿಸಿದರು. ಹಾಗೆ ಬಾಚುವಾಗ ಗೂಡಿನಲ್ಲಿ ಮಗನಿಗೆಂದು ಇಟ್ಟಿದ್ದ ನೀರಿನ ಗಾಜಿನ ಲೋಟವೂ ಒಳಗೆ ಹೋಗಿಬಿಟ್ಟಿತು.

ಗೊತ್ತು, ಈಗ ನಿನ್ನ ಮುಖ ಗಂಟಾಗಿದೆ. ಸತ್ತವರಿಗೆ ನೀರಿಡುವುದು ಸೈತಾನನ ಕೆಲಸ ಎಂದು ನಿನ್ನ ಹೊಸ ಸಭೆಯ ಪಾಸ್ಟರ್ ಹೇಳುತ್ತಾರೆ. ನಮ್ಮಜ್ಜಿಯೂ ಇಟ್ಟಿದ್ದಳು, ನಿಮ್ಮಜ್ಜಿಯೂ ಇಟ್ಟಿದ್ದಳು. ಸೋಮವಾರ ಸೋಮವಾರ ಹಳೆಯ ನೀರು ಚೆಲ್ಲಿ, ಸೋಪು ಮುಟ್ಟಿಸದೆ, ಬದುಕಿರುವವರ ಪಾತ್ರೆಯ ಜೊತೆ ಸೇರಿಸದೆ, ಲೋಟವನ್ನು ಕೈಯಲ್ಲೇ ತೊಳೆದು ಹೊಸ ನೀರು ತುಂಬಬೇಕು. ಅಂಥ ಲೋಟ ಜಿಡ್ಡು ತಟ್ಟೆಗಳ ನಡುವೆ ಬಿಸಿನೀರಿಗೆ ಸಿಡಿದುಹೋಯಿತು. ದೊಡ್ಡ ಚೂರುಗಳನ್ನು ಅಮ್ಮನಿಗೆ ಗೊತ್ತಾಗದ ಹಾಗೆ ಎತ್ತಿಬಿಟ್ಟೆ. ಚಿಕ್ಕದೊಂದು ಒಳಗಿಳಿದು ನೀರಿನ ದಾರಿಗೆ ಅಡ್ಡ ನಿಂತಿದೆ ಎಂದು ನನ್ನ ಊಹೆ.

ಗೂಡಿನಲ್ಲಿ ಕೈಯಾಡಿಸಿ ನೋಡಿದ ಅಮ್ಮ ಲೋಟವೆಲ್ಲಿ ಎಂದರು. ನಿಮ್ಮ ಕೈಯಿಂದಲೇ ಒಡೆಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಮೆಷೀನಿನಲ್ಲಿದೆ ಎಂದೆ. ನೀರು ಇಳಿಯದ ಸುದ್ದಿ ಅವರಿಗಾಗಲೇ ತಿಳಿದಿತ್ತು. ಕುರ್ಚಿ ಎಳೆದುಕೊಂಡು ಬಂದು ಅದರ ಮುಂದೆ ಕೂತುಬಿಟ್ಟರು.

“ಲೋಟ ಎಲ್ಲಿರತ್ತೋ ಹುಡುಗ ಅಲ್ಲೇ ಇರ್ತಾನೆ ಕಣೇ. ಒಂದು ಲೋಟ ಸಾಲ್ದೆ ಜಾಸ್ತಿ ನೀರು ಕೇಳಿದಾನೆ. ನೀನು ಅದನ್ನ ಮುಟ್ಟಬೇಡ.”

“ಅಮ್ಮ, ಅದು ಎಂಜಲು ತಟ್ಟೆ ತೊಳೆದ ನೀರು.”

“ಅವನು ಯಾವತ್ತು ಅಂಥದ್ದಕ್ಕೆಲ್ಲ ಅಸಹ್ಯ ಪಟ್ಕೊಂಡಿದ್ದ? ಕಾಲು ತೊಳೀದೆ ಹಾಸಿಗೆ ಹತ್ತೋನು.”

ಅಂದಿನಿಂದ ಅವರ ಊಟ, ಕಾಫಿ, ಜಪಮಾಲೆ ಎಲ್ಲ ಅಲ್ಲೇ. ಬಾಗಿಲು ತೆರೆದಿಟ್ಟುಕೊಂಡು ಬೀದಿಯ ಸುದ್ದಿಯನ್ನೆಲ್ಲ ಒಳಗೆ ಹೇಳುತ್ತಾರೆ. ಯಾರ ಮಗಳು ಯಾರ ಜೊತೆ ಓಡಿಹೋದಳು, ಯಾರ ನಾಯಿ ಮರಿ ಹಾಕಿತು. ಆಮೇಲೆ ನನ್ನ ಕಡೆ ತಿರುಗಿ, “ನೀನೂ ಬಂದು ಮಾತಾಡೇ. ಮುದುಕಿ ಒಬ್ಬಳ ಹರಟೆ ಅವನು ಎಷ್ಟೂಂತ ಕೇಳ್ತಾನೆ?” ಎನ್ನುತ್ತಾರೆ. ನಾನು ಪಾತ್ರೆಗಳನ್ನು ಸಿಂಕಿನಲ್ಲಿ ಜೋರಾಗಿ ಉಜ್ಜುತ್ತೇನೆ.

ಇನ್ನೊಂದು ವಿಷಯ. ನಗಬೇಡ, ಪ್ರಾರ್ಥನೆಯನ್ನೂ ಮಾಡಬೇಡ, ಸುಮ್ಮನೆ ಓದು. ಆ ನೀರು ಇಷ್ಟು ಹೊತ್ತಿಗೆ ಕೊಳೆತು ನಾರಬೇಕಿತ್ತು. ಮೊದಲ ದಿನ ಬೂದುಬಣ್ಣವಿತ್ತು, ಮೇಲೆ ಎಣ್ಣೆ ತೇಲುತ್ತಿತ್ತು. ಮರುದಿನದಿಂದ ತಿಳಿಯಾಗುತ್ತ ಬಂತು. ಈಗ ತಳದ ಜಾಲರಿಯ ಒಂದೊಂದು ತೂತೂ ಕಾಣುತ್ತದೆ. ಬಾಗಿಲು ತೆಗೆದರೆ ಒದ್ದೆ ಬಂಡೆಯ ವಾಸನೆ ಬರುತ್ತದೆ, ಬೆಟ್ಟದ ಮೇಲಿನ ಆ ಮಡುವಿನಲ್ಲಿ ಬರುತ್ತಿತ್ತಲ್ಲ, ಅದೇ ವಾಸನೆ. ನನಗೆ ಭಯವಾಗುತ್ತಿದೆ, ಎಫ್ರಾಯಿನ್.

ಮೂಲೆಯ ಹಾರ್ಡ್‌ವೇರ್ ಅಂಗಡಿಯ ಮೆಲ್ವಿನ್‌ನನ್ನು ಕೇಳಿದೆ. “ಅಕ್ಕಾ, ಪೈಪು ಎಲ್ಲೋ ಮಡಚಿಕೊಂಡಿರತ್ತೆ, ಇಲ್ಲಾಂದ್ರೆ ಜಾಲರಿಗೆ ಅನ್ನ ಕಟ್ಟಿಕೊಂಡಿರತ್ತೆ. ಮೊದಲು ನೀರು ಮೊಗೆದು ಹಾಕಿ” ಎಂದ. ಅಮ್ಮ ಮೊಗೆಯಲು ಬಿಟ್ಟರೆ ತಾನೆ. ಮೊನ್ನೆ ನಿನ್ನ ಅಕ್ಕನ ಮಗ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಸಮಯ ನೋಡಿ ಕೆಲಸಕ್ಕಿಳಿದೆ. ಸಿಂಕಿನ ಕೆಳಗಿನ ಪೈಪು ನೆಟ್ಟಗೇ ಇದೆ. ನೀರಿಗೆ ಕೈ ಇಳಿಸಿ ಜಾಲರಿ ತಿರುಗಿಸಿ ತೆಗೆದೆ, ಅದರಲ್ಲಿ ನಾಲ್ಕು ಅಗುಳು, ಒಂದು ಆಲಿವ್ ಬೀಜ ಬಿಟ್ಟರೆ ಏನಿಲ್ಲ. ಅದರ ಕೆಳಗೆ, ನೀರೆಳೆಯುವ ಪಂಪಿನ ಮೇಲೆ, ಪ್ಲಾಸ್ಟಿಕ್ಕಿನ ಮುಚ್ಚಳವೊಂದು ಸಿಕ್ಕಿತು. ಅದನ್ನು ತಿರುಗಿಸಬೇಕೋ, ಮೇಲಕ್ಕೆ ಎಳೆಯಬೇಕೋ? ಒಳಗಿನ ಪುಟ್ಟ ಚಕ್ರಕ್ಕೆ ಚೂರು ಸಿಕ್ಕಿಕೊಂಡಿದ್ದರೆ ಮೆಷೀನು ಸುಟ್ಟುಹೋಗುವುದಿಲ್ಲ ತಾನೆ? ಇವನ್ನೆಲ್ಲ ಕೇಳಲೆಂದೇ ಬರೆಯಲು ಕೂತೆ.

ಆ ಹೊತ್ತಿನಲ್ಲಿ ಕರೆಂಟಿರಲಿಲ್ಲ. ಫ್ಯಾನಿಲ್ಲ, ಫ್ರಿಜ್ಜಿನ ಸದ್ದೂ ಇಲ್ಲ. ಸೆಕೆಯಲ್ಲಿ ಬೆವರು ಇಳಿಯುತ್ತಿದ್ದರೂ ಆ ನೀರು ಮಾತ್ರ ಕೈ ಕೊರೆಯುವಷ್ಟು ತಣ್ಣಗಿತ್ತು. ನಾನು ಕೈಯನ್ನು ಅಲ್ಲಾಡಿಸದೆ ಇಟ್ಟುಕೊಂಡಿದ್ದೆ. ನೀರಿನ ನಡುವಿನಿಂದ ಬಳೆಯಂಥ ಒಂದು ಅಲೆ ಎದ್ದು, ಮೆಲ್ಲಗೆ ಅಗಲವಾಗುತ್ತ ಬಂದು ನನ್ನ ಮಣಿಕಟ್ಟನ್ನು ಮುಟ್ಟಿತು. ಬೀದಿಯಲ್ಲಿ ಲಾರಿ ಹೋಗಿರಬೇಕು ಎಂದು ಹೇಳಿಕೊಂಡೆ. ಬೀದಿಯಲ್ಲಿ ಏನೂ ಇರಲಿಲ್ಲ.

ಆಗ ನಾನೂ ಮಾತಾಡಿದೆ. ಅವನ ಹತ್ತಿರ ಆಡಿದ್ದನ್ನು ನಿನಗೂ ಹೇಳಬೇಕು. ಮೇಲೆಲ್ಲೋ ಮಳೆಯಾಗಿ ನದಿ ಒಂದೇ ಏಟಿಗೆ ಇಳಿದು ಬಂದು ಮಡುವಿನಲ್ಲಿದ್ದ ಮಗನನ್ನು ಕೊಚ್ಚಿಕೊಂಡು ಹೋದಾಗ, ನೀನು ಕಾರಿನಲ್ಲಿದ್ದ ಐಸು ತರಲು ದಂಡೆ ಹತ್ತಿದ್ದೆ. ಆ ಐಸಿನ ಮಾತನ್ನು ನಾವಿಬ್ಬರೂ ಒಂದು ದಿನವೂ ಎತ್ತಲಿಲ್ಲ. ನಾನು ಲೋಟ ಇಟ್ಟಾಗ ಅದು ನಿನ್ನ ಕಡೆಗೇ ಬೆರಳು ತೋರಿಸುತ್ತಿದೆ ಎಂದು ನಿನಗನ್ನಿಸಿತು. ಸೈತಾನನ ಹೆಸರು ಆಮೇಲೆ ಬಂತು. ಆ ಲೋಟ ಇರಬೇಕು, ಇಲ್ಲ ನಾನಿರಬೇಕು ಎಂದು ನೀನು ಕೂಗಿದೆ. ಲೋಟಕ್ಕಾದರೆ ಸ್ವಲ್ಪ ಜಾಗ ಸಾಕು ಎಂದು ನಾನೂ ಬಿಡದೆ ಅಂದೆ. ನೀನು ಅಕ್ಕನ ಮನೆ ಸೇರಿದೆ.

ಆ ನೀರು ಅವನ ಬಾಯಾರಿಕೆಗೆ ಇಟ್ಟದ್ದು, ನಿನ್ನ ಮೇಲೆ ದೂರು ಹೇಳಲು ಅಲ್ಲ. ನೀನು ದಂಡೆ ಹತ್ತಿದ್ದಕ್ಕೆ ನಾನು ದೇವರಿಗೆ ಕೈ ಮುಗಿಯುತ್ತೇನೆ. ಹತ್ತದೇ ಇದ್ದಿದ್ದರೆ ಗೂಡಿನಲ್ಲಿ ಎರಡು ಲೋಟ ಇರುತ್ತಿದ್ದವು. ಈ ಮಾತು ನಿನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿರಲಿಲ್ಲ ಅಲ್ಲವೇ?

ಅಮ್ಮ ಸೊರಗುತ್ತಿದ್ದಾರೆ. ತಟ್ಟೆಯಲ್ಲಿ ಅರ್ಧ ಬಿಡುತ್ತಾರೆ, ಕುರ್ಚಿ ಬಿಟ್ಟು ಏಳುವುದಿಲ್ಲ. ಹೀಗೇ ಕೂತರೆ ಎಷ್ಟು ದಿನ ಎಂದು ನಿನ್ನೆ ಗದರಿದೆ. “ಅವರಪ್ಪ ಬರ್ಲಿ. ಹುಡುಗ ಅಪ್ಪನ್ನ ನೋಡಿಕೊಂಡು ಹೋಗ್ತಾನಂತೆ” ಎಂದರು. ಅವರಿಗೆ ಹಾಗೆಂದು ಹೇಳಿದವರು ಯಾರು ಎಂದು ನಾನು ಕೇಳಲಿಲ್ಲ.

ಭಾನುವಾರ ಸಭೆ ಮುಗಿಸಿಕೊಂಡೇ ಬಾ. ಮಧ್ಯಾಹ್ನದ ಊಟಕ್ಕೆ ನಿನ್ನನ್ನೂ ಲೆಕ್ಕ ಹಿಡಿದು ಅಕ್ಕಿ ಹಾಕುತ್ತೇನೆ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಮಿಗ್ದಾಲಿಯಾ

ತಾ.ಕ.: ಬರುವಾಗ ರಿಪೇರಿಯ ಸಾಮಾನು ಏನೂ ತರಬೇಡ. ಮುಚ್ಚಳ ಮೇಲಕ್ಕೆ ಎಳೆದರೆ ಬರುತ್ತದೆ. ಚೂರನ್ನು ನಾನು ಮೊನ್ನೆಯೇ ತೆಗೆದೆ. ಈಗ ಗುಂಡಿ ಒತ್ತಿದರೆ ನೀರು ಹೊರಟುಹೋಗುತ್ತದೆ. ಒತ್ತಲು ನನ್ನೊಬ್ಬಳಿಂದ ಆಗುತ್ತಿಲ್ಲ.