ಊರಿಗೆಲ್ಲ ಬೇಕಾದವಳು

ಹ್ಯಾಡ್ಲಿ ಫೋರ್ಡ್, ಅಯೋವಾ
ಆಗಸ್ಟ್ 9, 1993

ಪ್ರೀತಿಯ ಆರ್ಡಿಸ್,

ಬದುಕಿದ್ದೇನೆ ಕಣೇ, ಮುಳುಗಿಲ್ಲ. ಈಸ್ಟರ್ ಹೊತ್ತಿಗೆ ನೀನು ಬರೆದದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಕೆನಿಸಿದರೆ ಧಾರಾಳವಾಗಿ ಬೈದುಕೋ. ನರ್ಸಿಂಗ್ ಶಾಲೆಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಮಲಗಿದವಳಿಗೆ ನನ್ನ ಸ್ವಭಾವ ಹೊಸದಲ್ಲ. ನಿನ್ನ ಮಂಡಿ ಹೇಗಿದೆ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಬಿಡಬೇಡ. ನೋವೆಂದು ಕೂತುಬಿಟ್ಟರೆ ಕೂತೇ ಇರುತ್ತೀ.

ನದಿ ಒಡ್ಡು ಒಡೆದುಕೊಂಡು ಊರಿನ ತಗ್ಗಿಗೆಲ್ಲ ನುಗ್ಗಿತು. ನಮ್ಮ ಮನೆ ದಿಬ್ಬದ ಮೇಲಿರುವುದರಿಂದ ಉಳಿಯಿತು, ನೆಲಮಾಳಿಗೆಯೊಂದು ಮಾತ್ರ ಕೆರೆಯಾಯಿತು. ಮನೆ ಬಿಟ್ಟು ಬಂದವರನ್ನೆಲ್ಲ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಅಂಗಣದಲ್ಲಿ ಇಳಿಸಿದರು. ಸೇತುವೆ ಮುಚ್ಚಿದ್ದರಿಂದ ಆಚೆ ದಡದ ಆಸ್ಪತ್ರೆಗೆ, ನನ್ನ ಕೆಲಸಕ್ಕೆ, ಹೋಗುವ ದಾರಿಯೇ ಇರಲಿಲ್ಲ. ಹಾಗಾಗಿ ನಾನು ಅಂಗಣದಲ್ಲೇ ಠಿಕಾಣಿ ಹೂಡಿದೆ. ಮುದುಕರ ಬಿಪಿ ನೋಡು, ಹೆಂಗಸರು ತಂದ ಊಟ ಬಡಿಸು, ಮಂಚಕ್ಕಾಗಿ ಜಗಳವಾಡುವವರನ್ನು ಬಿಡಿಸು. ಕುಡಿಯುವ ನೀರಿಗೂ ನಾನೇ, ಟೆಟನಸ್ ಸೂಜಿಗೂ ನಾನೇ.

ಆರ್ವಿಲ್ ಒಂದು ದಿನ ಬಂದು ಬಾಗಿಲಲ್ಲಿ ನಿಂತ. "ಲವಾನ್, ನಿಂಗೊಬ್ಬ ಗಂಡ ಇದಾನೆ, ಜ್ಞಾಪಕ ಇದ್ಯಾ? ನಾನೂ ಇಲ್ಲೇ ಒಂದು ಮಂಚ ಹಾಕ್ಕೋತೀನಿ. ದಿನಕ್ಕೊಂದು ಸಲ ಆದ್ರೂ ನನ್ನ ಕೈ ಹಿಡ್ದು ನಾಡಿ ನೋಡ್ತೀಯಲ್ಲ!"

ಎಲ್ಲರೂ ನಕ್ಕರು. ನಾನು ಅವನ ಕೈಗೆ ಪ್ಯಾನ್‌ಕೇಕ್ ಮಗುಚುವ ಸಟ್ಟುಗ ಕೊಟ್ಟು ಅಡುಗೆಮನೆಗೆ ಅಟ್ಟಿದೆ.

ಅಂಗಣದಲ್ಲಿ ಮಾರಿಸೆಲಾ ಎಂಬ ಹುಡುಗಿಯಿದ್ದಳು, ತುಂಬು ಗರ್ಭಿಣಿ. ಗಂಡ ಮಾಂಸದ ಕಾರ್ಖಾನೆಯ ಕೆಲಸಕ್ಕೆಂದು ಹೋದವನು ಆಚೆ ದಡದಲ್ಲಿ ಸಿಕ್ಕಿಹಾಕಿಕೊಂಡಿದ್ದ. ಒಂದು ಭಾನುವಾರ ಮಧ್ಯಾಹ್ನ, ಪ್ರಾರ್ಥನೆ ಮುಗಿಯುತ್ತಿದ್ದಂತೆ ಅವಳಿಗೆ ನೋವು ಶುರುವಾಯಿತು. ರಕ್ಷಣಾ ದೋಣಿಯವರಿಗೆ ಹೇಳಿಕಳಿಸಿದೆ. ದೋಣಿ ಬರುವ ಮೊದಲೇ ಮಗು ಬರುವಂತಿತ್ತು. ಅವಳನ್ನು ಆಟಗಾರರು ಬಟ್ಟೆ ಬದಲಿಸುವ ಕೋಣೆಗೆ ಕರೆದೊಯ್ದೆ. ಕಿಟಕಿಯಿಲ್ಲ, ಕರೆಂಟಿಲ್ಲ, ಬೆವರಿದ ಕಾಲುಚೀಲಗಳ ವಾಸನೆ. ಪಾದ್ರಿಯ ಹೆಂಡತಿ ಬರ್ನೀಸ್ ಟಾರ್ಚ್ ಹಿಡಿದು ನಿಂತಳು.

"ಬರ್ನೀಸ್, ಬೆಳಕು ಇಲ್ಲಿ ಬಿಡು, ಚಾವಣಿಗಲ್ಲ!"

"ನಂಗೆ ನೋಡಕ್ಕಾಗ್ತಿಲ್ಲ ಕಣೇ!"

"ನೋಡೋದು ನಾನು. ನೀನು ಬರೀ ಹಿಡ್ಕೋ."

ಮಾರಿಸೆಲಾ ನನ್ನ ತೋಳಿಗೆ ಉಗುರು ಊರಿದ್ದಳು. "ನಾನು ಸಾಯ್ತೀನಾ, ಸಿಸ್ಟರ್?"

"ನನ್ನ ಕೈಲಿ ಯಾರೂ ಸಾಯಲ್ಲ. ತಿಣುಕಮ್ಮಾ, ಇನ್ನೊಂದ್ಸಲ ತಿಣುಕು."

ತಲೆ ಹೊರಬಂತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿತ್ತು. ಬೆರಳು ತೂರಿಸಿ ತಲೆಯ ಮೇಲಿನಿಂದ ಜಾರಿಸಿದೆ. ಮಗು ಬಂತು, ಅಳಲಿಲ್ಲ. ನೀಲಿಗಟ್ಟಿ ಕೈಯಲ್ಲಿ ಒದ್ದೆಬಟ್ಟೆಯಂತೆ ಜೋತುಬಿದ್ದಿತ್ತು. ಬಾಯಿ ಒರೆಸಿದೆ, ಬೆನ್ನುಜ್ಜಿದೆ, ಅದರ ಮೂಗುಬಾಯಿಯ ಮೇಲೆ ನನ್ನ ಬಾಯಿಟ್ಟು ಸಣ್ಣಗೆ ಉಸಿರೂದಿದೆ. ಬರ್ನೀಸ್ ಜೋರಾಗಿ ಪ್ರಾರ್ಥಿಸತೊಡಗಿದಳು, ಟಾರ್ಚು ಮಾತ್ರ ಅಲುಗಲಿಲ್ಲ. ಕೊನೆಗೊಮ್ಮೆ ಬೆಕ್ಕಿನ ಮರಿಯ ಹಾಗೆ ಒಂದು ದನಿ. ಆಮೇಲೆ ಅರಚಾಟ. ಹೊರಗೆ ಅಂಗಣದಲ್ಲಿದ್ದ ಜನ, ನಮ್ಮ ಹುಡುಗರು ಪಂದ್ಯ ಗೆದ್ದರೇನೋ ಎಂಬಂತೆ ಕೂಗಿದರು. ಗಂಡು. ತಾಯಿ ಮಗು ಇಬ್ಬರೂ ಕ್ಷೇಮ. ಸಂಜೆಗೆ ದೋಣಿ ಬಂದು ಕರೆದೊಯ್ದಿತು.

ಮಾರನೆಯ ದಿನ ಟಿವಿಯವರು ಬಂದರು. ನನ್ನ ಕೂದಲ ಅವತಾರ ನೋಡಿದ್ದರೆ ನೀನು ಅತ್ತುಬಿಡುತ್ತಿದ್ದೆ. ಮೇಯರ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಈಯಮ್ಮ ನಮ್ಮೂರಿಗೆಲ್ಲ ತಾಯಿ" ಎಂದ.

ಈಗ ನೀರಿಳಿದಿದೆ. ಜನ ಮನೆಗಳಿಗೆ ಹೋಗಿ ಕೆಸರು ಎತ್ತುತ್ತಿದ್ದಾರೆ, ಅಂಗಣ ಖಾಲಿ. ಸೇತುವೆ ತೆರೆದಿದೆ, ಆದರೆ ಆಸ್ಪತ್ರೆಯವರು ಬಲವಂತವಾಗಿ ರಜೆ ಕೊಟ್ಟಿದ್ದಾರೆ, ದಣಿದಿದ್ದೀಯ ಅಂತ. ದಣಿವಂತೆ! ಕೂತರೆ ಏಳುವ ಹಾಗಾಗುತ್ತದೆ, ಎದ್ದರೆ ಯಾಕೆ ಎದ್ದೆನೆಂದು ತಿಳಿಯುವುದಿಲ್ಲ. ತೊಳೆದ ಜಾಡಿಗಳನ್ನೇ ಮತ್ತೆ ತೊಳೆಯುತ್ತೇನೆ. ನಿನ್ನೆ ಬರ್ನೀಸ್ ಮನೆಗೆ ಹೋಗಿ, "ಏನಾದ್ರೂ ಕೆಲಸ ಇದ್ರೆ ಕೊಡೇ" ಎಂದು ಕೇಳಿದೆ. "ಮನೆಗೆ ಹೋಗಿ ಮಲಕ್ಕೋ" ಎಂದು ಬಾಗಿಲು ಹಾಕಿಕೊಂಡಳು. ಫೋನ್ ರಿಂಗಾದರೆ ಆರ್ವಿಲ್‌ನನ್ನು ತಳ್ಳಿಕೊಂಡು ಓಡುತ್ತೇನೆ. ಅವನು ದಾರಿ ಬಿಡುತ್ತಾನೆ.

ನಿನ್ನ ಮಂಡಿ ಬೇಗ ಗಟ್ಟಿಯಾಗಲಿ. ನಿನ್ನ ಮನೆಯಲ್ಲಿ ನಗು ತುಂಬಿರಲಿ, ನಿನ್ನ ಮೊಮ್ಮಕ್ಕಳನ್ನು ದೇವರು ಕಾಯಲಿ.

ನಿನ್ನ
ಲವಾನ್

ಮರೆತ ಮಾತು: ಮರೆತಿಲ್ಲ ಆರ್ಡಿಸ್, ಇದನ್ನು ಬರೆಯಲೆಂದೇ ಕೂತಿದ್ದೆ. ಟಿವಿಯಲ್ಲಿ ಬಂದ ಮರುದಿನ ನನ್ನ ಮಗಳು ಗ್ರೆಚೆನ್ ಡುಲೂತ್‌ನಿಂದ ಫೋನ್ ಮಾಡಿದ್ದಳು. ಕಳೆದ ಕ್ರಿಸ್ಮಸ್‌ಗೂ ಬಾರದವಳು. "ಟಿವೀಲಿ ನೋಡ್ದೆ ಅಮ್ಮ, ಚೆನ್ನಾಗಿ ಮಾತಾಡ್ದೆ" ಎಂದಳು. ಆಮೇಲೆ, "ನಂಗೂ ಮಗು ಆಗಿದೆ. ಮೇ ತಿಂಗಳಲ್ಲಿ. ಹೆಣ್ಣು" ಎಂದಳು.

"ನಂಗ್ಯಾಕೆ ಹೇಳ್ಲಿಲ್ಲ? ಓಡಿ ಬರ್ತಿದ್ದೆನಲ್ಲೇ!"

"ಗೊತ್ತಮ್ಮ. ಬಂದು ಎಲ್ಲಾನೂ ಮಾಡಿರ್ತಿದ್ದೆ. ನಂಗೆ ಏನೂ ಮಾಡ್ದೆ ಪಕ್ಕದಲ್ಲಿ ಸುಮ್ನೆ ಕೂರೋರು ಬೇಕಿತ್ತು."

ಈಗಲಾದರೂ ಬರಲಾ ಎಂದೆ. "ಈಗ್ಲೇ ಬೇಡ, ನಾನೇ ಫೋನ್ ಮಾಡ್ತೀನಿ" ಎಂದಳು. ಇನ್ನೂ ಮಾಡಿಲ್ಲ.

ಹುಟ್ಟಿದಾಗ ಎಷ್ಟು ತೂಕವಿತ್ತು, ಹಾಲು ಕುಡಿಯುತ್ತಾ, ಕಾಮಾಲೆ ಬಂದಿತ್ತಾ, ಎಲ್ಲ ಕೇಳಿದೆ ಆರ್ಡಿಸ್. ಅವಳೂ ಒಂದೊಂದಕ್ಕೂ ಉತ್ತರ ಕೊಟ್ಟಳು. ಫೋನಿಟ್ಟ ಮೇಲೆ ಆರ್ವಿಲ್ ಕೇಳಿದ, "ಮಗೂಗೆ ಏನು ಹೆಸರಿಟ್ಟಿದಾರೆ?"

ನಾನು ಕೇಳಿರಲಿಲ್ಲ.