ಪಾದದ ನಾಡಿ

ಚಿಕ್ಕಬಳ್ಳಾಪುರ,
20-1-2004

ಚಿರಂಜೀವಿ ತಮ್ಮ ಬಯ್ಯಪ್ಪನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ದಿಬ್ಬೂರಹಳ್ಳಿಗೆ ಹೋಗಿ ಅಲ್ಲಿಂದ ಆಸ್ಪತ್ರೆಗೆ ಬಂತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತರೆ ನಿಮ್ಮ ಭಾವ "ಏನೇ ಅದು, ಯಾರ್ಗೆ?" ಎಂದು ಇಣುಕುತ್ತಾರೆ. ಈಗ ಮಲಗಿದ್ದಾರೆ. ಮನೆಯಲ್ಲಿ ರೇಷ್ಮೆಹುಳಗಳನ್ನು ನಮ್ಮ ಆಳು ಗಂಗುಲಪ್ಪನೇ ನೋಡಿಕೊಳ್ಳುತ್ತಿದ್ದಾನೆ. ಹುಳ ಬಲಿತು ಹಣ್ಣಾಗಿ ಗೂಡು ಕಟ್ಟುತ್ತಿವೆಯಂತೆ.

ನಿಮ್ಮ ಭಾವನ ಕಾಲಿಗೆ ಏನಾಯಿತೆಂದು ಕೇಳಿದ್ದೀಯ. ನೀನು ಬಂದಾಗ ಬರೀ ಸುಟ್ಟಗಾಯ ಅಂದುಬಿಟ್ಟರಲ್ಲ, ಅಷ್ಟೇ ಅಲ್ಲ. ದೀಪಾವಳಿಯಿಂದಲೂ ಬಲಪಾದ ತಣ್ಣಗಿರುತ್ತಿತ್ತು, ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಚಳಿಗೆ ಹೀಗೆ ಅಂದುಕೊಂಡೆವು. ಹುಳದ ಮನೆಯಲ್ಲಿ ಕಾವಿಗೆಂದು ಇಟ್ಟಿದ್ದ ಇದ್ದಿಲ ಬಾಂಡ್ಲಿಗೆ ಕಾಲು ಚಾಚಿ ಕೂತರು. ಹೆಬ್ಬೆರಳು ಸುಟ್ಟ ವಾಸನೆ ನನಗೆ ಬಂತು, ಅವರಿಗೆ ಉರಿಯೇ ಗೊತ್ತಾಗಲಿಲ್ಲ ಕಣೋ.

ಡಾಕ್ಟರು ಪಾದದ ಮೇಲೆ ನಾಡಿ ಹುಡುಕಿದರು, ಸಿಗಲಿಲ್ಲ. ಬೀಡಿ ಹೊಗೆ ರಕ್ತನಾಳವನ್ನು ಒಳಗೊಳಗೇ ಕುಗ್ಗಿಸಿ ಮುಚ್ಚಿಬಿಡುತ್ತದಂತೆ. ಬೆರಳ ತುದಿಗೆ ರಕ್ತವೇ ಹೋಗುವುದಿಲ್ಲವಂತೆ. "ಇನ್ಮೇಲೆ ಬೀಡಿ ಸೇದಿದ್ರೆ ಕಾಲು ಉಳ್ಸಕ್ಕಾಗಲ್ಲ ಕೋನಪ್ಪ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಹೊಗೆ ತಾಗಿದರೆ ಹುಳ ಸಾಯುತ್ತವೆಂದು ಬದುವಿನ ಮೇಲೆ ನಿಂತು ಸೇದಿ, ಕೈ ತೊಳೆಯದೆ ಅವುಗಳ ಸೊಪ್ಪು ಮುಟ್ಟದ ಮನುಷ್ಯ ಇವರು! "ಹುಳಕ್ಕಿರೋ ಮರ್ಯಾದೆ ನಿಮ್ ಕಾಲಿಗಿಲ್ವಾ?" ಅಂದೆ. "ನಾನೇನು ಹುಳನೇನೇ?" ಎಂದು ನಕ್ಕರು. ಹೆಬ್ಬೆರಳು ತೆಗೆದ ಮೇಲೆ ನಗು ನಿಂತಿತು. ಡಾಕ್ಟರಿಗೆ ಕೈಮುಗಿದು ಬೀಡಿ ಬಿಟ್ಟೆ ಅಂದರು. ನಾನೂ ನಂಬಿದೆ.

ಗೌರಿಬಿದನೂರಿನಲ್ಲಿ ನೀನು, ಕಲ್ಯಾಣಿ, ಮಕ್ಕಳು ಸುಖವಾಗಿರಿ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ವರಲಕ್ಷ್ಮಮ್ಮ

ತಾ.ಕ.: ಬಂದ ದಿನ ನೀನು ಅವರ ದಿಂಬಿನಡಿ ಬೀಡಿಕಟ್ಟು ಇಟ್ಟುಹೋದೆ. ಕಾಯಿಲೆಯವರನ್ನು ನೋಡಲು ಬರಿಗೈಲಿ ಬರಬಾರದೆಂದು ಅವರಿಗಿಷ್ಟವಾದದ್ದನ್ನೇ ತಂದೆ, ನಿನ್ನ ಮನಸ್ಸು ನನಗೆ ಗೊತ್ತು. ಕಕ್ಕಸಿನಲ್ಲಿ ಕೂತು ಎಲ್ಲವನ್ನೂ ಸೇದಿದ್ದಾರೆ. ಗಾಯದ ಕಪ್ಪು ಪಾದಕ್ಕೂ ಏರಿದೆ. ಸೋಮವಾರ ಪಾದವನ್ನೇ ತೆಗೆಯುತ್ತಾರೆ. "ಬಾಮೈದಂಗೆ ಹೇಳ್ಬೇಡ, ನೊಂದ್ಕೊಂತಾನೆ" ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಾರೆ. ನಾನು ಹೇಳುತ್ತಲೂ ಇರಲಿಲ್ಲ. ಆದರೆ ನಿನ್ನೆ ಬೂತಿನಿಂದ ಫೋನ್ ಮಾಡಿದಾಗ ಕಲ್ಯಾಣಿ ಅಂದಳು, ಈಚೆಗೆ ನೀನು ಅಂಗಡಿಬೀದಿ ದಾಟುವಷ್ಟರಲ್ಲಿ ಎರಡು ಸಲ ನಿಂತು ಕಾಲು ನೀವಿಕೊಳ್ಳುತ್ತೀಯಂತೆ. ಸೋಮವಾರದವರೆಗೆ ಕಾಯಬೇಡ, ಈ ಕಾಗದ ಕಂಡ ಕೂಡಲೇ ಹೊರಟು ಬಾ ಬಯ್ಯಪ್ಪ. ನೀನೂ ಅವರಷ್ಟೇ ಬೀಡಿ ಸೇದುವವನು, ಡಾಕ್ಟರಿಗೆ ನಿನ್ನ ಕಾಲು ತೋರಿಸಬೇಕು.